ರಸ್ತೆಯಂಚಿನ ಸರಕು ಇಳಿಕೆ ಮತ್ತು ವ್ಯಾಲೆ ಪಾರ್ಕಿಂಗ್ ಪರವಾನಗಿ: ಗುಜರಾತಿನ ಮೂರು ನಗರಗಳು

ಅಂಗಡಿ ಗೋದಾಮುಗಳ ಮುಂದೆ ಸಾರ್ವಜನಿಕ ರಸ್ತೆಯ ಅಂಚಿನಲ್ಲಿ ವಾಹನ ನಿಲ್ಲಿಸಿ ಸರಕು ಏರಿಸಿ ಇಳಿಸಲು, ಅಥವಾ ಹೋಟೆಲು, ಸಮಾರಂಭ ಭವನಗಳವರು ಗ್ರಾಹಕರ ಕಾರನ್ನು ಬಾಗಿಲಲ್ಲೇ ಪಡೆದು ಬೇರೆಡೆ ನಿಲ್ಲಿಸಿಕೊಡಲು (ವ್ಯಾಲೆ ಪಾರ್ಕಿಂಗ್) ನಗರಾಡಳಿತದಿಂದ ಪಡೆಯಬೇಕಾದ ಅನುಮತಿಯೇ ಈ ಪರವಾನಗಿ. ಸ್ಯಾನ್ ಫ್ರಾನ್ಸಿಸ್ಕೊದಂಥ ಊರಿನಲ್ಲಿ ಫುಟ್‌ಪಾತಿನ ಅಂಚಿಗೆ ಹಳದಿ ಬಳಿದಿದ್ದರೆ ಅದು ಸರಕಿನ ಗಾಡಿಗೆ, ಬಿಳಿ ಇದ್ದರೆ ಜನರನ್ನು ಹತ್ತಿಸಿ ಇಳಿಸುವುದಕ್ಕೆ. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಈ ಅಧಿಕಾರ ಒಂದೇ ಕೈಯಲ್ಲಿಲ್ಲ. ಅದು ಪಾಲಿಕೆಗೂ ಪೊಲೀಸರಿಗೂ ಹಂಚಿಹೋಗಿದೆ. ನೆಲ ಒಬ್ಬರದು, ಹೊತ್ತು ಇನ್ನೊಬ್ಬರದು. ಈ ನಗರಗಳ ಪೇಟೆಗಳು ಮಾತ್ರ ಯಾವ ಪರವಾನಗಿಯೂ ಇಲ್ಲದೆ ತಲೆಮಾರುಗಳಿಂದ ರಸ್ತೆಯಂಚನ್ನು ಹೊತ್ತಿನ ಲೆಕ್ಕದಲ್ಲೇ ಹಂಚಿಕೊಂಡು ಬಂದಿವೆ. ಆದ್ದರಿಂದ ಇಲ್ಲಿ ಪರವಾನಗಿ ಕೊಡುವುದಾದರೆ ಜಾಗಕ್ಕಲ್ಲ, ಜಾಗದ ಗಂಟೆಗೆ ಕೊಡಬೇಕು ಎಂಬುದೇ ಸರಿಯಾದ ನಿಲುವು.

ಕಾನೂನಿನ ಹಂಚಿಕೆ ಸ್ವಲ್ಪ ವಿಚಿತ್ರವಾಗಿದೆ. ಮೂರೂ ಪಾಲಿಕೆಗಳು 1949ರ ಪ್ರಾಂತೀಯ ಮಹಾನಗರಪಾಲಿಕೆ ಕಾಯ್ದೆಯಡಿ ನಡೆಯುತ್ತವೆ. ಮೊದಲು ಬಾಂಬೆ ಹೆಸರಿನಲ್ಲಿದ್ದ ಇದು ಈಗ ಗುಜರಾತ್ ಹೆಸರಿನಲ್ಲಿದೆ. ಇದರ 230ನೇ ಕಲಮಿನ ಪ್ರಕಾರ, ಪಾಲಿಕೆ ಆಯುಕ್ತರ ಅನುಮತಿಯಿಲ್ಲದೆ ರಸ್ತೆಗೆ ಅಡ್ಡಿಯಾಗುವಂತೆ ಅಂಗಡಿಕಟ್ಟೆ, ಕುರ್ಚಿ, ಬೆಂಚು, ಪೆಟ್ಟಿಗೆ, ಏಣಿ, ಬೇಲು ಯಾವುದನ್ನೂ ಇಡುವಂತಿಲ್ಲ. ಬೇಲು, ಅಂದರೆ ಬಟ್ಟೆ ಹತ್ತಿಗಳ ಬಿಗಿ ಮೂಟೆ, ಕಾಯ್ದೆಯಲ್ಲೇ ಹೆಸರಾಗಿ ಬಂದಿದೆ; ಹಳೆಯ ಮುಂಬಯಿ ಪ್ರಾಂತ ಹತ್ತಿ ಬಟ್ಟೆಯ ನಾಡಾಗಿತ್ತು. 231ನೇ ಕಲಮಿನಡಿ ಅಂಥ ವಸ್ತುವನ್ನು ನೋಟಿಸು ಕೊಡದೆಯೂ ಎತ್ತಿಸಬಹುದು. ಆದರೆ ಅದೇ ಬೇಲು ಟೆಂಪೋದ ಮೇಲಿರುವಷ್ಟು ಹೊತ್ತು ವಿಷಯ ಪೊಲೀಸರದು. ಸಂಚಾರ ನಿಯಂತ್ರಣದ ಆದೇಶಗಳನ್ನು ಪೊಲೀಸ್ ಕಮಿಷನರು 1951ರ ಪೊಲೀಸ್ ಕಾಯ್ದೆಯ 33ನೇ ಕಲಮಿನಡಿ ಹೊರಡಿಸುತ್ತಾರೆ. ವಾಹನ ನಿಲ್ಲುವ ಜಾಗವನ್ನು ಗೊತ್ತುಮಾಡುವ ಅಧಿಕಾರವೋ, 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಂತೆ ರಾಜ್ಯ ಸರ್ಕಾರದ್ದು ಅಥವಾ ಅದು ನೇಮಿಸಿದವರದ್ದು. ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚನೆ ನಡೆಸಿದರೆ ಸಾಕು. ಹೀಗೆ ಹಮಾಲ ಮೂಟೆಯನ್ನು ಗಾಡಿಯಿಂದ ಹೆಗಲಿಗೆ, ಹೆಗಲಿನಿಂದ ನೆಲಕ್ಕೆ ಇಳಿಸುವ ಅರ್ಧ ನಿಮಿಷದಲ್ಲಿ ಕಾನೂನಿನ ಮಟ್ಟಿಗೆ ಯಜಮಾನರು ಬದಲಾಗಿಬಿಡುತ್ತಾರೆ.

ಹೊತ್ತಿನ ಹಂಚಿಕೆಗೆ ಅಹಮದಾಬಾದಿನ ಮಾಣೆಕ್ ಚೌಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೆಳಗ್ಗೆ ಅಲ್ಲಿ ದನಗಳಿಗೆ ಹುಲ್ಲು ಹಾಕುತ್ತಾರೆ. ಹಗಲು ಅದು ಚಿನ್ನ ಬೆಳ್ಳಿಯ ಪೇಟೆ. ಆಭರಣದಂಗಡಿಗಳ ಬಾಗಿಲು ಬಿದ್ದ ಮೇಲೆ ಅದೇ ನೆಲದ ಮೇಲೆ ಒಲೆಗಳು ಹೊತ್ತಿ ನಡುರಾತ್ರಿ ದಾಟುವವರೆಗೆ ತಿಂಡಿ ಬೀದಿ. ಅಂಗುಲವೂ ಹೆಚ್ಚದ ಚೌಕ ಒಂದೇ ದಿನದಲ್ಲಿ ಮೂರು ಕಸುಬು ಸಾಕುತ್ತದೆ. ವಡೋದರಾದ ಹಳೇ ಪೇಟೆಯಲ್ಲಿ ಲಹರೀಪುರ, ಪಾಣಿಗೇಟ್, ಚಾಂಪಾನೇರ್, ಗೆಂಡಿಗೇಟ್ ಎಂಬ ನಾಲ್ಕು ಬಾಗಿಲುಗಳ ರಸ್ತೆಗಳು ನಡುವಿನ ಮಾಂಡವಿಯಲ್ಲಿ ಕೂಡುವುದರಿಂದ, ಒಂದು ಬಾಗಿಲಿನ ಬಳಿ ನಿಂತ ಟೆಂಪೋ ಮಿಕ್ಕ ಮೂರಕ್ಕೂ ತಟ್ಟುತ್ತದೆ. 

ಸಮಸ್ಯೆ ದೊಡ್ಡದಾಗುವುದು ಸೂರತ್ತಿನಲ್ಲಿ. ರಿಂಗ್ ರೋಡ್, ಸಲಾಬತ್‌ಪುರ, ಸಹಾರಾ ದರ್ವಾಜಾ ಸುತ್ತ ನೂರಕ್ಕೂ ಹೆಚ್ಚು ಜವಳಿ ಮಾರುಕಟ್ಟೆಗಳು, ಅವುಗಳೊಳಗೆ ಹತ್ತಾರು ಸಾವಿರ ಅಂಗಡಿಗಳು. ಬೆಂಗಳೂರಿನ ಚಿಕ್ಕಪೇಟೆಗೆ ಬರುವ ಸಿಂಥೆಟಿಕ್ ಸೀರೆಯ ಪಾರ್ಸೆಲ್ಲು ಅಲ್ಲಿನ ಯಾವುದೋ ಮಹಡಿಯಿಂದ ಹಮಾಲರ ಬೆನ್ನೇರಿ ಇಳಿದು, ಟೆಂಪೋ ಹತ್ತಿ, ಟ್ರಾನ್ಸ್‌ಪೋರ್ಟ್ ಗೋದಾಮು ಸೇರಿ, ಆಮೇಲೆ ಲಾರಿ ಹತ್ತುತ್ತದೆ. (ಗುಜರಾತಿಯಲ್ಲಿ 'ಲಾರಿ' ಎಂದರೆ ತಳ್ಳುಗಾಡಿ, ನಮ್ಮ ಲಾರಿಗೆ ಅಲ್ಲಿ ಟ್ರಕ್ಕು.) ಈ ಟೆಂಪೋಗಳಲ್ಲಿ ಹಲವು 2005ರಲ್ಲಿ ಬಂದ ಟಾಟಾ ಏಸ್, ಜನರ ಬಾಯಲ್ಲಿ 'ಛೋಟಾ ಹಾಥಿ'. ಅದರ ಉದ್ದ ಸುಮಾರು 3.8 ಮೀಟರು. 15 ಮೀಟರಿನ ಅಂಚಿನಲ್ಲಿ ಮೂರು ಟೆಂಪೋ ಸಲೀಸಾಗಿ ನಿಲ್ಲುತ್ತವೆ. ಒಂದೊಂದಕ್ಕೆ 20 ನಿಮಿಷವೆಂದರೆ ಎರಡು ಗಂಟೆಯಲ್ಲಿ 18 ಗಾಡಿ ತುಂಬಿ ಹೊರಡಬಹುದು. ಅದೇ 15 ಮೀಟರಿನಲ್ಲಿ ಅಂಗಡಿ ಮಾಲೀಕರ ಮೂರು ಕಾರುಗಳು ಬೆಳಗ್ಗೆ ಬಂದು ನಿಂತರೆ ಇಡೀ ದಿನಕ್ಕೆ ಅಷ್ಟೇ. ಆಗ ಟೆಂಪೋಗಳು ಎರಡನೇ ಸಾಲಿನಲ್ಲಿ ನಿಲ್ಲುತ್ತವೆ, ಬಸ್ಸು ಮೂರನೆಯದಕ್ಕೆ ಸರಿಯುತ್ತದೆ. ದಂಡ ಬೀಳುವುದು ಟೆಂಪೋದವನಿಗೆ. ಪಾರ್ಕಿಂಗ್ ನೀತಿ ಎಂದೊಡನೆ ಕಾರು ಸ್ಕೂಟರುಗಳ ದರವೇ ಚರ್ಚೆಗೆ ಬರುವುದು ಈ ಲೆಕ್ಕವನ್ನು ಯಾರೂ ಮಾಡದ ಕಾರಣಕ್ಕೆ.

ವ್ಯಾಲೆಯ ಕಥೆ ಬೇರೆ ದಿಕ್ಕಿನಿಂದ ಇಲ್ಲಿಗೇ ಬರುತ್ತದೆ. 2017ರ ಗುಜರಾತ್ ಸಮಗ್ರ ಸಾಮಾನ್ಯ ಅಭಿವೃದ್ಧಿ ನಿಯಂತ್ರಣ ನಿಯಮಗಳಂತೆ ವಾಣಿಜ್ಯ ಕಟ್ಟಡ ತನ್ನ ವಿಸ್ತೀರ್ಣಕ್ಕೆ ತಕ್ಕ ಪಾರ್ಕಿಂಗನ್ನು ತನ್ನೊಳಗೇ ಒದಗಿಸಬೇಕು. 2018ರಲ್ಲಿ ಹೈಕೋರ್ಟಿನ ಒತ್ತಡದ ಮೇಲೆ ಅಹಮದಾಬಾದಿನಲ್ಲಿ ರಸ್ತೆ ತೆರವಿನ ದೊಡ್ಡ ಕಾರ್ಯಾಚರಣೆ ನಡೆಯಿತು; 2019ರ ಜುಲೈಯಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಮಾಲ್, ಮಲ್ಟಿಪ್ಲೆಕ್ಸ್‌ಗಳು ಪಾರ್ಕಿಂಗ್ ಶುಲ್ಕ ಕೀಳುವಂತಿಲ್ಲ ಎಂದಿತು. ಪಾರ್ಕಿಂಗ್ ಕೊಡುವುದು ಕಟ್ಟಡದ ಹೊಣೆ, ವ್ಯಾಪಾರವಲ್ಲ ಎಂಬುದು ಅದರ ಸಾರ. ಇದೇ ತರ್ಕವನ್ನು ಮುಂದುವರಿಸಿದರೆ, ಗ್ರಾಹಕರ ಕಾರನ್ನು ಪಡೆದು ಪಕ್ಕದ ಬೀದಿಯ ಮನೆಗಳ ಮುಂದೆ ನಿಲ್ಲಿಸುವ ಹೋಟೆಲು ತನ್ನ ಹೊಣೆಯನ್ನು ಊರಿನ ನೆಲಕ್ಕೆ ದಾಟಿಸುತ್ತಿದೆ. ವ್ಯಾಲೆಯಿಂದ ಬಾಗಿಲ ಮುಂದಿನ ದಟ್ಟಣೆ ಇಳಿಯುತ್ತದೆ ಎಂಬ ವಾದದಲ್ಲಿ ನಿಜವಿದೆ. ಕಾರು ಕೈಬದಲಾಗಲು ಬೇಕಾದ ಎರಡು ನಿಮಿಷದ ಅಂಚಿಗೆ ಅನುಮತಿ ಕೊಡೋಣ. ಕಾರು ಕೊನೆಗೆ ನಿಲ್ಲುವ ಜಾಗದ ಖಾಸಗಿ ಕರಾರನ್ನು ತೋರಿಸಿದವರಿಗೆ ಮಾತ್ರ.

ಆಕ್ಷೇಪಗಳಲ್ಲಿ ತೂಕವಿರುವವು ಎರಡು. ಸರಕನ್ನೆಲ್ಲ ರಾತ್ರಿಗೆ ತಳ್ಳಿದರೆ ಸಾಲದೆ? ಭಾರೀ ವಾಹನಗಳಿಗೆ ಹಗಲಿನ ನಿರ್ಬಂಧ ಹೇಗೂ ಇದೆ. ಆದರೆ ರಾತ್ರಿ ಕೆಲಸವೆಂದರೆ ಅಂಗಡಿಗೆ ಕಾವಲು, ಹಮಾಲರಿಗೆ ಹೆಚ್ಚಿನ ಕೂಲಿ, ಗುಮಾಸ್ತನ ನಿದ್ದೆಗೇಡು. ದೊಡ್ಡ ವರ್ತಕರಿಗೆ ಇದು ತಡೆದೀತು, ಗೇಣಗಲದ ಅಂಗಡಿಗೆ ತಡೆಯದು. ಎರಡನೆಯದು ಇನ್ನೂ ಗಂಭೀರ: ಇನ್ನೊಂದು ಪರವಾನಗಿ ಎಂದರೆ ಕೈ ಬಿಸಿ ಮಾಡಬೇಕಾದ ಇನ್ನೊಂದು ಮೇಜು. ಈ ಭಯ ಹುಸಿಯಲ್ಲ. ಆದರೆ ಈಗಿನ ಅನಿಶ್ಚಿತತೆಯೇ ವಸೂಲಿಗೆ ಹೆಚ್ಚು ಅನುಕೂಲ, ಏಕೆಂದರೆ ನಿಂತದ್ದು ಸರಿಯೋ ತಪ್ಪೋ ಎಂಬುದು ಎದುರು ನಿಂತವನ ಮರ್ಜಿ. ಗಂಟೆಯನ್ನು ಫಲಕದಲ್ಲಿ ಬರೆದು, ಗುತ್ತಿಗೆದಾರನಿಗೆ ವಹಿಸದೆ ಮಾರುಕಟ್ಟೆಗೊಂದು ಸಾಮೂಹಿಕ ಪರವಾನಗಿ ಕೊಟ್ಟರೆ ಆ ಮರ್ಜಿಗೆ ಎಡೆ ಕಡಿಮೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಜಾಗ ಪಡೆದವರನ್ನು ಈ ನೆಪದಲ್ಲಿ ಎಬ್ಬಿಸಕೂಡದು ಎಂಬ ಷರತ್ತನ್ನೂ ಅದರಲ್ಲೇ ಬರೆಯಬೇಕು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಬೇಲನ್ನು ರಸ್ತೆಯಲ್ಲಿಡಲು ಅನುಮತಿ ಕೊಡುವ ಅಧಿಕಾರ ಪಾಲಿಕೆ ಕಾಯ್ದೆಯ 230ನೇ ಕಲಮಿನಲ್ಲಿದೆ, ಲಿಖಿತ ಅನುಮತಿಗೆ ಅವಧಿ ಹಾಕುವ, ಶುಲ್ಕ ವಿಧಿಸುವ, ಅದನ್ನು ರದ್ದುಮಾಡುವ ಅಧಿಕಾರ 386ರಲ್ಲಿದೆ. ಟೆಂಪೋದ ಹೊತ್ತಿಗೆ ಪೊಲೀಸ್ ಕಮಿಷನರ ಅಧಿಸೂಚನೆ ಸಾಕು. ಆಗಬೇಕಿರುವುದು ಇವೆರಡೂ ಒಂದೇ ಹಾಳೆಯಲ್ಲಿ ಬರುವುದು.