ತಂತಿಯಿಂದ ತಂತಿಗೆ: ಗಿಟಾರ್ ವಾದನದಲ್ಲಿ ಪಿಕ್‌ನ ಪಥ ಮತ್ತು ಸ್ವರವಿನ್ಯಾಸ

ನಿಮಿಷಕ್ಕೆ 160 ಬೀಟ್‌ಗಳ ಲಯದಲ್ಲಿ, ಬೀಟಿಗೆ ನಾಲ್ಕರಂತೆ ಸ್ವರ ನುಡಿಸುವ ಗಿಟಾರ್ ವಾದಕನಿಗೆ ಒಂದೊಂದು ಸ್ವರಕ್ಕೆ ದಕ್ಕುವ ಕಾಲ ಸುಮಾರು 94 ಮಿಲಿಸೆಕೆಂಡ್. ಒಂದೇ ತಂತಿಯ ಮೇಲಾದರೆ ಪಳಗಿದ ಕೈ ಈ ವೇಗವನ್ನು ಮುಟ್ಟಬಲ್ಲದು. ಪಕ್ಕದ ತಂತಿಗೆ ದಾಟಬೇಕಾದಾಗ ಅದೇ ಕೈ ತೊಡರುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಬ್ರಿಜ್ ಬಳಿ ತಂತಿಗಳ ನಡುವಿನ ಅಂತರ ಹೆಚ್ಚುಕಡಿಮೆ 10 ಮಿ.ಮೀ.; ಅಷ್ಟು ದೂರ ಸರಿಯಲು ಕೈಗೆ ವೇಗ ಸಾಲದೆಂದರೆ ನಂಬುವುದು ಕಷ್ಟ. ತೊಡಕಿರುವುದು ಪಿಕ್ ಚಲಿಸುವ ಪಥದಲ್ಲಿ. ಆ ಪಥವೇ ಎಡಗೈಯ ಬೆರಳುವಿನ್ಯಾಸವನ್ನೂ, ಎಷ್ಟೋ ಸಲ ವಾದಕನ ಸ್ವರಸಂಚಾರವನ್ನೂ ನಿರ್ಧರಿಸುತ್ತದೆಂಬುದು ಈ ಲೇಖನದ ವಾದ.

ಪಿಕ್ ತಂತಿಗಳ ಸಮತಲಕ್ಕೆ ಸಮಾನಾಂತರವಾಗಿ ಓಡಾಡಿದರೆ, ಪ್ರತಿ ಮೀಟಿನ ಕೊನೆಯಲ್ಲೂ ಅದು ಎರಡು ತಂತಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ದಾಟಬೇಕಾದರೆ ಮೇಲೆದ್ದು ಜಿಗಿಯಬೇಕು. ವೇಗ ಕುಸಿಯುವುದು ಈ ಜಿಗಿತದಲ್ಲಿ. ಪಥವನ್ನು ಸ್ವಲ್ಪ ಓರೆ ಮಾಡಿದರೆ ಸ್ಥಿತಿ ಬದಲಾಗುತ್ತದೆ. ನೆಲದತ್ತ ಹೋಗುವ ಕೆಳಮೀಟು ಗಿಟಾರಿನ ಮೈಯತ್ತ ಇಳಿಯುತ್ತದೆ, ಮೇಲ್ಮೀಟು ತಂತಿಗಳಿಂದ ಹೊರಕ್ಕೆ ಏಳುತ್ತದೆ. ಹೀಗಾಗಿ ಪ್ರತಿ ಮೇಲ್ಮೀಟಿನ ಕೊನೆಯಲ್ಲಿ ಪಿಕ್ ತಾನಾಗಿಯೇ ಬಿಡುಗಡೆ ಪಡೆಯುತ್ತದೆ. ಓರೆ ತಿರುವುಮುರುವಾದರೆ ಬಿಡುಗಡೆ ಕೆಳಮೀಟಿನ ಕೊನೆಗೆ ಸರಿಯುತ್ತದೆ. ಅಮೆರಿಕದ ಟ್ರಾಯ್ ಗ್ರೇಡಿ ತಮ್ಮ ‘ಕ್ರ್ಯಾಕಿಂಗ್ ದ ಕೋಡ್’ ಸರಣಿಯಲ್ಲಿ ವೇಗದ ವಾದಕರ ಕೈಗಳನ್ನು ಹತ್ತಿರದಿಂದ ಚಿತ್ರೀಕರಿಸಿ ಈ ವ್ಯತ್ಯಾಸವನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಅವರು ತೋರಿಸಿದ್ದನ್ನು ಆ ವಾದಕರಲ್ಲಿ ಹಲವರು ತಾವೇ ಬಾಯಿಬಿಟ್ಟು ವಿವರಿಸಲಾರದವರಾಗಿದ್ದರು.

ಸ್ವೀಡನ್ನಿನ ಯಿಂಗ್ವೀ ಮಾಲ್ಮ್‌ಸ್ಟೀನ್ ಇದಕ್ಕೆ ಒಳ್ಳೆಯ ನಿದರ್ಶನ. 1984ರ ‘ರೈಸಿಂಗ್ ಫೋರ್ಸ್’ನಿಂದ ಹೆಸರಾದ ಅವರ ಶೈಲಿಯಲ್ಲಿ ಬಿಡುಗಡೆ ಮೇಲ್ಮೀಟಿನಲ್ಲಿದೆ. ಕೆಳಮೀಟಿನಿಂದ ಆರಂಭಿಸಿ ತಂತಿಗೆ ಎರಡು ಇಲ್ಲವೇ ನಾಲ್ಕು ಸ್ವರ ನುಡಿಸಿದರೆ ಕೊನೆಯದು ಮೇಲ್ಮೀಟೇ ಆಗುವುದರಿಂದ ದಾಟುವುದು ಸಲೀಸು. ಮೂರು ಸ್ವರಗಳಿದ್ದರೆ? ಆರೋಹಣದಲ್ಲಿ ಮೂರನೆಯ ಸ್ವರದ ಕೆಳಮೀಟನ್ನು ನಿಲ್ಲಿಸದೆ ಮುಂದಿನ ತಂತಿಯ ಮೇಲೂ ಹಾಯಿಸುತ್ತಾರೆ. ಒಂದೇ ತಳ್ಳಿಗೆ ಎರಡು ತಂತಿ ನುಡಿಯುತ್ತವೆ. ಅವರೋಹಣದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಎರಡನ್ನು ಪಿಕ್‌ನಿಂದ ಮೀಟಿ, ಮೂರನೆಯದನ್ನು ಎಡಗೈ ಬೆರಳು ಕಿತ್ತು ಹೊರಡಿಸುತ್ತದೆ, ಅಂದರೆ ಪುಲ್-ಆಫ್. ಆ ಹೊತ್ತಿಗಾಗಲೇ ಪಿಕ್ ಮುಂದಿನ ತಂತಿಗೆ ಸಜ್ಜಾಗಿರುತ್ತದೆ. ಏರುವಾಗ ಬಿರುಸು, ಇಳಿಯುವಾಗ ನಯ ಎಂದು ಕೇಳುಗರು ಆಸ್ವಾದಿಸುವ ಗುಣದ ಹಿಂದೆ ಇಂಥದೊಂದು ಯಾಂತ್ರಿಕ ಕಾರಣವೂ ಇದೆ. ಎರಿಕ್ ಜಾನ್ಸನ್ನರ ಪೆಂಟಟಾನಿಕ್ ಓಟಗಳೂ ಇದೇ ಜಾತಿಯವು. ಐದು ಸ್ವರಗಳ ಆ ಸ್ಕೇಲು ಫ್ರೆಟ್ ಹಲಗೆಯ ಮೇಲೆ ತಂತಿಗೆ ಎರಡರಂತೆ ಹರಡಿಕೊಳ್ಳುವುದು ಅವರಿಗೆ ಒದಗಿದ ವರ.

ಈ ಪದ್ಧತಿ ಮಾಲ್ಮ್‌ಸ್ಟೀನ್, ಜಾನ್ಸನ್ ಅವರಿಗಿಂತ ಬಹಳ ಹಳೆಯದು. 1934ರಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಹಾಟ್ ಕ್ಲಬ್ ಕ್ವಿಂಟೆಟ್‌ನ ಜಾಂಗೊ ರೈನ್‌ಹಾರ್ಟ್ ಪರಂಪರೆಯಲ್ಲಿ, ಕೆಳಮೀಟು ಮುಗಿದಾಗ ಪಿಕ್ ಕೆಳಗಿನ ತಂತಿಯ ಮೇಲೆ ಒರಗಿ ನಿಲ್ಲುತ್ತದೆ. ಹೊಸ ತಂತಿಯನ್ನು ಕೆಳಮೀಟಿನಿಂದಲೇ ಮುಟ್ಟುವುದು ವಾಡಿಕೆ. ಆಂಪ್ಲಿಫೈಯರಿನ ನೆರವಿಲ್ಲದೆ ನಾದ ಕೇಳಿಸಬೇಕಾದ ಅಗತ್ಯಕ್ಕೆ ಈ ಭಾರವಾದ ಮೀಟು ಹೊಂದಿಕೆಯಾಗಿತ್ತು. 1928ರ ಬೆಂಕಿ ಅವಘಡದ ಬಳಿಕ ಜಾಂಗೊ ಸೋಲೊಗಳನ್ನು ಎಡಗೈಯ ಎರಡೇ ಬೆರಳುಗಳಲ್ಲಿ ನುಡಿಸುತ್ತಿದ್ದರೆಂಬುದು ಎಲ್ಲರಿಗೂ ಗೊತ್ತು. ಅವರ ಬಲಗೈಗೆ ಅಷ್ಟೇ ಗಮನ ಸಿಕ್ಕಿಲ್ಲವೆಂಬುದು ನನ್ನ ತಕರಾರು.

ಒಂದೇ ಮೀಟನ್ನು ಮುಂದಿನ ತಂತಿಗೂ ಹಾಯಿಸುವ ಉಪಾಯವನ್ನು ಆಸ್ಟ್ರೇಲಿಯಾದ ಫ್ರಾಂಕ್ ಗ್ಯಾಂಬಾಲೆ ಎರಡೂ ದಿಕ್ಕುಗಳಿಗೆ ವಿಸ್ತರಿಸಿದರು. ಒಂದೇ ದಿಕ್ಕಿಗೆ ಸಾಗುವಾಗ ತಂತಿಗೆ ಬೆಸ ಸಂಖ್ಯೆಯ ಸ್ವರ, ತಿರುಗುವಲ್ಲಿ ಸಮ ಸಂಖ್ಯೆ. ಪಿಕ್ ಎಲ್ಲಿಯೂ ಜಿಗಿಯಬೇಕಿಲ್ಲ. ಇಲ್ಲಿ ಬಲಗೈಯ ಅನುಕೂಲಕ್ಕಾಗಿ ಸ್ಕೇಲಿನ ಬೆರಳುಪಟ್ಟಿಯೇ ಹೊಸದಾಗಿ ರಚಿತವಾಯಿತು.

ಜಾನ್ ಮೆಕ್‌ಲಾಫ್ಲಿನ್, ಅಲ್ ಡಿ ಮಿಯೋಲಾ ಅವರದು ಕೆಳಮೀಟಿನಲ್ಲಿ ಬಿಡುಗಡೆ ಕಾಣುವ ಎದುರು ಪದ್ಧತಿ. ಇವರಿಬ್ಬರೂ ಪಾಕೊ ದೆ ಲೂಸಿಯಾ ಜೊತೆ ನುಡಿಸಿದ, 1981ರಲ್ಲಿ ಹೊರಬಂದ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ’ ಧ್ವನಿಮುದ್ರಣ ಹೋಲಿಕೆಗೆ ಒದಗುತ್ತದೆ. ಪಾಕೊ ಪಿಕ್ ಹಿಡಿದವರಲ್ಲ. ತೋರುಬೆರಳು ಮತ್ತು ನಡುಬೆರಳನ್ನು ಸರದಿಯಂತೆ ಆಡಿಸುತ್ತಿದ್ದರು. ಒಂದು ಬೆರಳು ಮೀಟುವಾಗ ಇನ್ನೊಂದು ಹಿಂದಿರುಗಿ ಸಿದ್ಧವಾಗುತ್ತದೆ. ನಮ್ಮ ವೀಣೆಯಲ್ಲಿ ಮೀಟಿನ ದಿಕ್ಕು ಬೇರೆಯಾದರೂ ತತ್ತ್ವ ಇದೇ. ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತವರು. ಆದರೂ ಗಿಟಾರಿನಲ್ಲಿ ಅವರು ಪಿಕ್ ಬಿಡಲಿಲ್ಲ.

ತಂತಿಗೆ ಒಂದೇ ಸ್ವರ ಬರುವ ಸಂಚಾರಗಳಲ್ಲಿ ಎಣಿಕೆಯ ಈ ಜಾಣತನ ನಡೆಯದು. ಪ್ರತಿ ಮೀಟಿಗೂ ತಂತಿ ಬದಲಾಗಬೇಕು, ದಿಕ್ಕೂ ಬದಲಾಗಬೇಕು. ಬ್ಲೂಗ್ರಾಸ್ ಸಂಗೀತದ ಕ್ರಾಸ್‌ಪಿಕಿಂಗ್‌ನಲ್ಲಿ, ಸ್ಟೀವ್ ಮೋರ್ಸ್ ಅವರ ‘ಟ್ಯುಮೆನಿ ನೋಟ್ಸ್’ನಂಥ ರಚನೆಯಲ್ಲಿ ಪಿಕ್‌ನ ಪಥ ಅರ್ಧಚಂದ್ರದಂತೆ ಬಾಗಿ, ಎರಡೂ ತುದಿಗಳಲ್ಲಿ ತಂತಿಗಳಿಂದ ಹೊರಬರುತ್ತದೆ. ಮಣಿಕಟ್ಟಿನ ಮಟ್ಟಿಗೆ ಇದು ಬೇರೆಯೇ ಚಲನೆ; ಮೇಲಿನ ಪದ್ಧತಿಗಳಲ್ಲಿ ಪಳಗಿದವರು ಇದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಮೆಟ್ರೊನೊಮ್ ಇಟ್ಟುಕೊಂಡು ನಿಧಾನವಾಗಿ ಆರಂಭಿಸಿ, ವೇಗವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ ಎಂಬುದು ಪಾಠಗಳಲ್ಲಿ ಸಾಮಾನ್ಯ ಸಲಹೆ. ನಿಧಾನದಲ್ಲಿ ಪಿಕ್ ಯಾವ ಪಥದಲ್ಲಿ ಹೋದರೂ ನಡೆಯುತ್ತದೆ, ಜಿಗಿತಕ್ಕೂ ಬಿಡುವಿರುತ್ತದೆ. ಹಾಗಾಗಿ ವಿದ್ಯಾರ್ಥಿ ತಿಂಗಳುಗಟ್ಟಲೆ ರೂಢಿಸಿಕೊಂಡ ಚಲನೆ ವೇಗದಲ್ಲಿ ಬೇಕಾದ ಚಲನೆಯೇ ಆಗಿರದಿರಬಹುದು. ಮೊದಲು ಒಂದೇ ತಂತಿಯ ಮೇಲೆ ತನ್ನ ಪೂರ್ಣ ವೇಗದಲ್ಲಿ ಮೀಟಿ, ಪಿಕ್ ಯಾವ ತುದಿಯಲ್ಲಿ ಹೊರಗೇಳುತ್ತದೆಂದು ಫೋನಿನ ಸ್ಲೋ-ಮೋಷನ್ ಕ್ಯಾಮೆರಾದಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಮೇಲ್ಮೀಟಿನಲ್ಲಿ ಏಳುವ ಕೈಗೆ ತಂತಿಗೆ ಎರಡು, ನಾಲ್ಕು ಸ್ವರಗಳ ಪಾಠಗಳನ್ನು ಕೊಡಬೇಕು. ಕೆಳಮೀಟಿನಲ್ಲಿ ಏಳುವ ಕೈಗೂ ಅವೇ ಪಾಠ ಸಲ್ಲುತ್ತವೆ, ಆರಂಭ ಮಾತ್ರ ಮೇಲ್ಮೀಟಿನಿಂದ.