ಕಾವಲಿನ ಕೂಲಿ: ಹೊಲದಿಂದ ಖಜಾನೆಗೆ

ಸಂಗೊಳ್ಳಿ ರಾಯಣ್ಣನ ಶೌರ್ಯವನ್ನು ಮೆರೆಸುವ ಭರದಲ್ಲಿ ಅವನು ಶೇತ್‌ಸನದಿಯಾಗಿದ್ದ ಎಂಬುದನ್ನು ದಾಟಿಬಿಡುತ್ತೇವೆ. ನಮ್ಮ ಭಾಗದ ಪೊಲೀಸರ ಚರಿತ್ರೆ ಶುರುವಾಗಬೇಕಾದದ್ದೇ ಅಲ್ಲಿಂದ. ಕಿತ್ತೂರು ಸಂಸ್ಥಾನ ಶೇತ್‌ಸನದಿಗಳಿಗೆ ಹೊಲ ಬಿಟ್ಟುಕೊಟ್ಟಿತ್ತು. ಊರು ಕಾಯುವುದು, ಕರೆ ಬಂದರೆ ಕತ್ತಿ ಹಿಡಿದು ಹೊರಡುವುದು ಆ ಹೊಲದ ಋಣ.

1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರಕಾರ ಈ ಏರ್ಪಾಡಿಗೇ ಕೈ ಹಾಕಿತು. ರಾಯಣ್ಣನ ಹೊಲದಲ್ಲಿ ಒಂದಿಷ್ಟು ಜಪ್ತಿಯಾಯಿತು, ಉಳಿದದ್ದಕ್ಕೆ ಕಂದಾಯ ಏರಿತು. ಅವನ ಬಂಡಾಯದ ಹಿಂದೆ ಕಿತ್ತೂರಿನ ರಾಣಿ ಚನ್ನಮ್ಮನ ಮೇಲಿನ ನಿಷ್ಠೆ ಇತ್ತು, ನಿಜ. ಅನ್ನದ ದಾರಿ ಮುಚ್ಚಿಸಿಕೊಂಡ ಕಾವಲುಗಾರರ ಸಿಟ್ಟೂ ಇತ್ತು. 1830ರ ಆರಂಭದಲ್ಲಿ ಅವರು ಬೆಂಕಿ ಇಟ್ಟದ್ದು ಬೀಡಿ ಎಂಬ ಊರಿನ ಸರಕಾರಿ ಕಚೇರಿಗೆ. ಹೊಲ ಕಸಿದ ಸರಕಾರದ ಕಚೇರಿಯೇ ಗುರಿಯಾದದ್ದು ಆಕಸ್ಮಿಕವೆಂದು ನನಗನಿಸುವುದಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು.

ಆದರೂ ಹೊಲದ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಸಂಬಳದ ಪೊಲೀಸರನ್ನು ಪ್ರತಿ ಹಳ್ಳಿಗೂ ಇಡುವಷ್ಟು ಖರ್ಚು ಬ್ರಿಟಿಷರಿಗೂ ಬೇಡವಾಗಿತ್ತು. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆ ಊರಿನ ಕಾವಲನ್ನು ಪೊಲೀಸ್ ಪಾಟೀಲನ ಕೈಗೆ ಒಪ್ಪಿಸಿತು. ಅವನ ಕೈಕೆಳಗಿನ ತಳವಾರ, ವಾಲೀಕಾರರು ಇನಾಮು ಜಮೀನು ಮತ್ತು ಸುಗ್ಗಿಯ ಆಯದ ಮೇಲೆಯೇ ಬದುಕಿದರು. ಅಗ್ಗದ ಪೊಲೀಸ್ ಅಂದರೆ ಇದೇ!

ರಾಮದುರ್ಗದ ಮಾತು ಬೇರೆ. ಸುಮಾರು 169 ಚದರ ಮೈಲಿಯ ಆ ಪುಟ್ಟ ಸಂಸ್ಥಾನ ತನ್ನ ಪೊಲೀಸರನ್ನು ತಾನೇ ಸಾಕಬೇಕಿತ್ತು. 1939ರ ಏಪ್ರಿಲ್‌ನಲ್ಲಿ ಜನ ಜೈಲಿಗೆ ನುಗ್ಗಿದಾಗ ಪೊಲೀಸರೇ ಪ್ರಾಣ ತೆತ್ತರು. ಆಳಿದವರ ಮೇಲಿನ ಸಿಟ್ಟಿಗೆ ಸಿಕ್ಕವರು ಅವರ ಚಾಕರಿಯವರು. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಗಿ ಆ ಖರ್ಚೂ ದೊಡ್ಡ ಖಜಾನೆಗೆ ಸೇರಿತು.

ಸಂವಿಧಾನ ಪೊಲೀಸ್ ವಿಷಯವನ್ನು ರಾಜ್ಯಪಟ್ಟಿಯಲ್ಲಿ ಇಟ್ಟಿದ್ದರಿಂದ ಸಂಬಳದ ಹೊರೆ ರಾಜ್ಯದ್ದು. 1969-70ರಿಂದ ಆಧುನೀಕರಣ ಯೋಜನೆಯಡಿ ವಾಹನ, ವೈರ್‌ಲೆಸ್, ಆಯುಧಗಳಿಗೆ ಕೇಂದ್ರದ ನೆರವು ಬಂತು. ಕ್ವಾರ್ಟರ್ಸ್ ಮತ್ತು ಠಾಣೆ ಕಟ್ಟಲು 1985ರಲ್ಲಿ ರಾಜ್ಯದ ಪೊಲೀಸ್ ವಸತಿ ನಿಗಮವಾಯಿತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಬಂದೋಬಸ್ತ್ ನಿಲ್ಲುವವರಿಗೆ ಈಗ ಭತ್ಯೆ ಮಂಜೂರಾಗುವುದು ಕಚೇರಿಯ ಕಾಗದದಲ್ಲಿ. ಊರಿನ ಸುಗ್ಗಿಯ ರಾಶಿಗೂ ಅದಕ್ಕೂ ಸಂಬಂಧವಿಲ್ಲ.

ಹೊಲ ಕೊಟ್ಟು ಕಾವಲು ಪಡೆಯುವ ಹಳೆಯ ಏರ್ಪಾಡು ಕಡಿದುಹೋದದ್ದು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ. 1961ರ ಆ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಚಾಕರಿ ಹೋಯಿತು, ಜಮೀನನ್ನು ಹಳೆಯ ಹಕ್ಕುದಾರರಿಗೇ ಮರುಮಂಜೂರು ಮಾಡಲು ದಾರಿಯಾಯಿತು. 1978ರ ತಿದ್ದುಪಡಿ ಅಂಥ ಜಮೀನಿನ ಪರಭಾರೆಗೆ 15 ವರ್ಷ ತಡೆ ಹಾಕಿತು. ಅದನ್ನು ಮೀರಿದ ಖರೀದಿಗಳ ತಕರಾರು ಕೋರ್ಟು ಮೆಟ್ಟಿಲೇರಿ, ಕಾವಲಿನ ಹೊಲ ವಕೀಲರ ಕಡತದಲ್ಲಿ ಮುಂದುವರಿಯಿತು.