ತುಂಗಭದ್ರೆಯಲ್ಲಿ ಮೀನಿನ ದಾರಿ

ಮೀನುಗಾರಿಕೆ ಎಂದೊಡನೆ ನಮ್ಮ ನೆನಪು ಮಂಗಳೂರು, ಕಾರವಾರಗಳತ್ತ ಓಡುತ್ತದೆ. ಬಿಸಿಲಿಗೆ ಹೆಸರಾದ ಬಳ್ಳಾರಿಯತ್ತ ಅಲ್ಲ. ಆದರೆ ಸಿರುಗುಪ್ಪದ ಬದಿಯಲ್ಲಿ ಹರಿಯುವ ತುಂಗಭದ್ರೆಯನ್ನು ನಂಬಿದ ಬೆಸ್ತರ ಕಸುಬು ಬಹಳ ಹಳೆಯದು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಕಂಡದ್ದು ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ಹರಿಗೋಲನ್ನು. ಅದೇ ಹರಿಗೋಲು ಇಂದಿಗೂ ಈ ನದಿಯಲ್ಲಿದೆ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ, ಅಷ್ಟೆ.

ನದಿಯ ಮೀನುಗಳ ಬದುಕು ಮುಂಗಾರಿನೊಡನೆ ಹೆಣೆದುಕೊಂಡಿದೆ. ಬೇಸಿಗೆಯಲ್ಲಿ ಮಡುಗಳಲ್ಲಿ ಅಡಗಿರುವ ಗೆಂಡೆ ಜಾತಿಯ ಮೀನುಗಳು, ಮಲೆನಾಡಿನ ಕೆಂಪು ನೀರು ಬಂದೊಡನೆ ಪ್ರವಾಹಕ್ಕೆ ಎದುರಾಗಿ ಈಜತೊಡಗುತ್ತವೆ. ಹೊಸ ನೀರು ಹರಡಿದ, ಆಳವಿಲ್ಲದ ಜಾಗಗಳಲ್ಲಿ ಮೊಟ್ಟೆಯಿಡುತ್ತವೆ. ದೊಡ್ಡದೊಂದು ಹೆಣ್ಣುಮೀನು ಲಕ್ಷಗಟ್ಟಲೆ ಮೊಟ್ಟೆಯಿಡಬಲ್ಲದು. ತಕ್ಕ ನೀರು ಸಿಗದಿದ್ದರೆ ಅವು ಹೊಟ್ಟೆಯಲ್ಲಿಯೇ ಕರಗಿಹೋಗುತ್ತವೆ.

ಈ ದಾರಿಗೆ ಮನುಷ್ಯ ಅಡ್ಡ ಬಂದದ್ದು ನಿನ್ನೆ ಮೊನ್ನೆಯಲ್ಲ. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ಅಂಥ ಕಾಲುವೆಗಳಿಗೆ ನೀರು ತಿರುಗಿಸಲು ಬಂಡೆಗಳನ್ನು ಜೋಡಿಸಿ ಕಟ್ಟಿದ ಒಡ್ಡುಗಳು ಗಿಡ್ಡವಾಗಿದ್ದವು. ಮಳೆಗಾಲದಲ್ಲಿ ನೀರು ಅವುಗಳ ಮೇಲೆಯೇ ಹರಿಯುತ್ತಿತ್ತು, ಮೀನಿಗೂ ದಾರಿಯಿರುತ್ತಿತ್ತು. ಆದರೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಹೊಸಪೇಟೆಯ ಬಳಿ ಎದ್ದು ನಿಂತ ಅಣೆಕಟ್ಟು ಸುಮಾರು 49 ಮೀಟರ್ ಎತ್ತರದ್ದು. ಅದನ್ನು ಹತ್ತಬಲ್ಲ ಮೀನಿಲ್ಲ.

ಅಣೆಕಟ್ಟಿನ ಉಪಕಾರ ಸಣ್ಣದಲ್ಲ. ಸಿರುಗುಪ್ಪ, ಕುರುಗೋಡು ಭಾಗಗಳು ಭತ್ತದ ನಾಡಾದವು. 378 ಚದರ ಕಿಲೋಮೀಟರ್ ಹರಡಿದ ಜಲಾಶಯ ಬಲೆಗಾರರಿಗೆ ಹೊಸ ನೀರನ್ನು ಒದಗಿಸಿತು. ಆದರೆ ಅಲ್ಲಿ ಮೀನು ಬೆಳೆಸಲು ಉತ್ತರದ ಗಂಗಾ ಬಯಲಿನ ಕಟ್ಲಾ, ರೋಹು, ಮೃಗಾಲ್ ತಳಿಗಳ ನೆರವು ಬೇಕಾಯಿತು. ಇವು ನಿಂತ ನೀರಿನಲ್ಲಿ ಚೆನ್ನಾಗಿ ಕೊಬ್ಬುತ್ತವೆ, ತಾವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸಿ ಈ ತೊಡಕನ್ನು ಬಿಡಿಸಿದರು. ಅಂದಿನಿಂದ ಮೀನುಮರಿಗಳನ್ನು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿಸಿ ಕೆರೆ, ಜಲಾಶಯಗಳಿಗೆ ಬಿಡುವುದು ದೇಶದ ಎಲ್ಲೆಡೆ ರೂಢಿಯಾಯಿತು. ಪ್ರವಾಹ ಪುಕ್ಕಟೆಯಾಗಿ ಕೊಡುತ್ತಿದ್ದುದಕ್ಕೆ ಈಗ ಹಣ ತೆರಬೇಕು.

ನದಿಯ ಸ್ವಂತ ಮೀನುಗಳಿಗೆ ಈ ಉಪಾಯ ಒದಗಲಿಲ್ಲ. ದಕ್ಷಿಣದ ನದಿಗಳಲ್ಲಿ ಮಾತ್ರ ಕಾಣುವ, ಕ್ಯಾಟ್‌ಫಿಶ್ ಬಳಗದ ಸಿಲೋನಿಯಾ ಚಿಲ್ಡ್ರೆನಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಯ ಮುಖ್ಯ ಆಹಾರ ಮೀನು. ಅದನ್ನು ಉಳಿಸಬೇಕಾದರೆ ಮೀನು ಉಳಿಯಬೇಕು. ಮೀನು ಉಳಿಯಬೇಕಾದರೆ ಮುಂಗಾರಿನಲ್ಲಿ ಕೆಳಗಿನ ನದಿಗೂ ಹೊಸ ನೀರು ಬರಬೇಕು. ಕಾಲುವೆಗಳ ಪಾಲಿನ ಲೆಕ್ಕ ಹಾಕುವಾಗ ಈ ಪಾಲನ್ನೂ ಮರೆಯುವಂತಿಲ್ಲ.